ಸ್ಟೆಪ್ನಿ ಛತ್ರಿ

ಪಾರ್ಸಲ್ ಬಂದದ್ದು ಬ್ಯಾಂಕಿಗೆ. ತ್ರಿಪ್ಪುಣಿತ್ತುರದ ನನ್ನ ಬಾಡಿಗೆ ಮನೆಯಲ್ಲಿ ಹಗಲು ಹೊತ್ತು ಯಾರೂ ಇರುವುದಿಲ್ಲ, ಅದಕ್ಕೇ ಎರ್ನಾಕುಳಂನ ನಮ್ಮ ಶಾಖೆಯ ವಿಳಾಸ ಕೊಟ್ಟಿದ್ದೆ. ಎರಡು ಕಿಲೋ ಕೂಡ ತೂಗದ ಮೆತ್ತನೆಯ ಗಂಟು. ಪಕ್ಕದ ಕೌಂಟರಿನ ಸಹೋದ್ಯೋಗಿ ಅದನ್ನು ಬೆರಳಿನಿಂದ ಒತ್ತಿ ನೋಡಿ, "ತಲಯಣ ಆಣೋ ಮೇಡಂ?" ಎಂದಳು. ತಲೆದಿಂಬೇ ಎಂದು ಅವಳ ಪ್ರಶ್ನೆ.

"ಅಲ್ಲ, ಪ್ಯಾರಾಚೂಟ್" ಎಂದೆ.

ಅವಳು ನಕ್ಕು ತನ್ನ ಕೆಲಸಕ್ಕೆ ತಿರುಗಿದಳು. ನಾನು ಹೇಳಿದ್ದು ತಮಾಷೆಯಲ್ಲ ಎಂದು ಅವಳಿಗೆ ಗೊತ್ತಾದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಆಮೇಲೆ ಶಾಖೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಗಂಟನ್ನು ಒತ್ತಿ ನೋಡಿ ಹೋದರು. ಮ್ಯಾನೇಜರ್ ಮಾತ್ರ ಒತ್ತಲಿಲ್ಲ. "ಭಾನುವಾರ ಏನೇ ಮಾಡಿ, ಸೋಮವಾರ ಹತ್ತು ಗಂಟೆಗೆ ಮಾತ್ರ ಇಲ್ಲಿರಿ" ಎಂದರು.

ನಾನು ಧಾರವಾಡದ ಕಡೆಯವಳು. ಬ್ಯಾಂಕಿನ ವರ್ಗಾವಣೆ ಕೊಚ್ಚಿಗೆ ತಂದಾಗ ನನಗೆ ನಲವತ್ತಾರು. ನನ್ನ ಗಂಡ ಅದಾಗಲೇ ತಿರುವನಂತಪುರದಲ್ಲಿ ಬಾಹ್ಯಾಕಾಶಕ್ಕೆ ಸಂಬಂಧಿಸಿದ ಒಂದು ಸಂಸ್ಥೆಯಲ್ಲಿದ್ದರು. ಹೀಗೆ ಹೇಳಿದೊಡನೆ ಎಲ್ಲರೂ ಅವರನ್ನು ವಿಜ್ಞಾನಿ ಎಂದುಕೊಳ್ಳುತ್ತಾರೆ. ಅವರು ಅಲ್ಲಿಯ ಹಿಂದಿ ವಿಭಾಗದ ಅನುವಾದಕರು. ರಾಕೆಟ್ಟಿಗೆ ಎಷ್ಟು ಹತ್ತಿರ ಇದ್ದೀರಿ ಎಂದು ಯಾರಾದರೂ ಕೇಳಿದರೆ, "ರಾಕೆಟ್ಟಿನ ಬಗ್ಗೆ ಬಂದ ಸುತ್ತೋಲೆಯಷ್ಟು ಹತ್ತಿರ" ಎನ್ನುತ್ತಾರೆ. ಒಂದು ವಾರ ನಾನು ರೈಲು ಹತ್ತಿ ಅಲ್ಲಿಗೆ ಹೋಗುವುದು, ಇನ್ನೊಂದು ವಾರ ಅವರು ಇಲ್ಲಿಗೆ ಬರುವುದು, ಮೂರನೆಯ ವಾರ ಇಬ್ಬರೂ ದಣಿದು ಎಲ್ಲಿದ್ದೇವೋ ಅಲ್ಲೇ ಮಲಗುವುದು. ಹೀಗೆ ನಡೆದಿತ್ತು ಸಂಸಾರ.

ಆ ಮೂರನೆಯ ವಾರಗಳೇ ನನ್ನನ್ನು ಹಾರುವುದಕ್ಕೆ ಹಚ್ಚಿದವು. ಶಾಖೆಯವರೆಲ್ಲ ವಾಗಮಣ್ ಬೆಟ್ಟಕ್ಕೆ ಪ್ರವಾಸ ಹೋಗಿದ್ದಾಗ ಒಬ್ಬ ತರಬೇತುದಾರರ ಜೊತೆ ಕೂತು ಹತ್ತು ನಿಮಿಷ ಪ್ಯಾರಾಗ್ಲೈಡರಿನಲ್ಲಿ ಹಾರಿದ್ದೆ. ಕೆಳಗೆ ಇಳಿದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಆ ತರಬೇತುದಾರರ ಹತ್ತಿರ ಹೋಗಿ, "ನನಗೆ ಒಬ್ಬಳೇ ಹಾರಲು ಕಲಿಸುತ್ತೀರಾ?" ಎಂದು ಕೇಳಿದೆ. ಅವರು ನನ್ನ ವಯಸ್ಸು ಕೇಳಲಿಲ್ಲ, ಮೊಣಕಾಲು ಹೇಗಿದೆ ಎಂದು ಕೇಳಿದರು. ಅವರ ಶಿಷ್ಯರೆಲ್ಲ ಅವರನ್ನು ಆಶಾನ್ ಎಂದು ಕರೆಯುತ್ತಿದ್ದರು. ಕಳರಿಪಯಟ್ಟಿನ ಗುರುವನ್ನು ಇಲ್ಲಿನವರು ಹಾಗೆ ಕರೆಯುತ್ತಾರೆ. ನಾನೂ ಹಾಗೇ ಕರೆಯತೊಡಗಿದೆ.

ಗಂಡನಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಚಹಾದ ಲೋಟ ಕೆಳಗಿಟ್ಟರು.

"ಒಂದು ಮಾತು ಹೇಳ್ತೀನಿ ಕೇಳು. ಗಾಡಿಗೆ ಸ್ಟೆಪ್ನಿ ಇರ್ತದ. ನಿನ್ನ ಆ ದೊಡ್ಡ ಛತ್ರಿಗೂ ಒಂದು ಸ್ಟೆಪ್ನಿ ಬೇಕ ಬೇಕು. ಅದು ಇಲ್ಲಾಂದ್ರ ನೀ ಹಾರೂದು ಬ್ಯಾಡ."

ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಅದರ ಹೆಸರು ಸ್ಟೆಪ್ನಿ ಎಂದೇ ಆಯಿತು. ಮೇಲಿನ ರೆಕ್ಕೆ ಎಲ್ಲಾದರೂ ಮಡಚಿಕೊಂಡು ಮತ್ತೆ ಬಿಚ್ಚಿಕೊಳ್ಳದಿದ್ದರೆ ಎಸೆಯುವ ಎರಡನೆಯ ಪ್ಯಾರಾಚೂಟ್. ಕಲಿಯುವಾಗ ಆಶಾನರೇ ತಮ್ಮ ಹತ್ತಿರವಿದ್ದದ್ದನ್ನು ಕಟ್ಟಿಕೊಡುತ್ತಿದ್ದರು. ಒಂದೂವರೆ ವರ್ಷದ ಮೇಲೆ ನಾನು ಒಬ್ಬರಿಂದ ಹಳೆಯ ಹಾರ್ನೆಸ್ ಕೊಂಡೆ. ಹಾರುವವರು ಕುರ್ಚಿಯಂತೆ ಕೂರುವ, ಪಟ್ಟಿಗಳಿಂದ ಮೈಗೆ ಬಿಗಿದುಕೊಳ್ಳುವ ಸರಂಜಾಮು ಅದು. ಅದಕ್ಕೆ ಕೂಡಿಸಲೆಂದು ಹೊಸ ಸ್ಟೆಪ್ನಿ ತರಿಸಿದ್ದೆ. ಬ್ಯಾಂಕಿಗೆ ಬಂದ ಗಂಟು ಅದೇ.

ಅದನ್ನು ಆಶಾನರ ಹತ್ತಿರ ಒಯ್ದು ಕಟ್ಟಿಸಬಹುದಿತ್ತು. ಆದರೆ ನನಗೆ ನನ್ನದನ್ನು ನಾನೇ ಕಟ್ಟಿಕೊಳ್ಳಬೇಕೆಂಬ ಹಟ. ಶನಿವಾರ ಸಂಜೆ ಬ್ಯಾಂಕಿನಿಂದ ಬಂದು ಹಾರ್ನೆಸ್ಸನ್ನು ಮಂಚದ ಮೇಲೆ ಮಲಗಿಸಿ, ಎರಡು ವಿಡಿಯೋ ನೋಡಿ, ಕೆಲಸಕ್ಕೆ ಕೂತೆ. ಕೂಡಿಸಬೇಕಾದ ಜಾಗ ಮೂರೇ. ಪ್ಯಾರಾಚೂಟಿನಿಂದ ಬರುವ ದಪ್ಪ ಪಟ್ಟಿಗೆ ಎರಡು ಕೊನೆ. ಒಂದೊಂದನ್ನು ಒಂದೊಂದು ಭುಜದ ಪಟ್ಟಿಗೆ ತಿರುಪಿನ ಉಕ್ಕಿನ ಕೊಂಡಿಯಿಂದ ಸೇರಿಸಬೇಕು. ಅಲ್ಲಿಗೆ ಎರಡು. ಮೂರನೆಯದು ಕೆಂಪು ಹಿಡಿ. ಮಡಚಿದ ಪ್ಯಾರಾಚೂಟ್ ಒಂದು ಒಳಚೀಲದಲ್ಲಿರುತ್ತದೆ, ಆ ಒಳಚೀಲ ಹಾರ್ನೆಸ್ಸಿನ ಸೀಟಿನ ಕೆಳಗಿನ ಜೇಬಿನಲ್ಲಿ. ಜೇಬಿನ ಬಾಯಿಯನ್ನು ಎರಡು ಸೂಜಿಗಳು ಹಿಡಿದಿರುತ್ತವೆ. ಕೆಂಪು ಹಿಡಿಗೆ ಈ ಸೂಜಿಗಳೂ ಅಂಟಿಕೊಂಡಿರುತ್ತವೆ, ಇನ್ನೊಂದು ಪಟ್ಟಿಯಿಂದ ಒಳಚೀಲವೂ ಅಂಟಿಕೊಂಡಿರುತ್ತದೆ. ಜಗ್ಗಿದರೆ ಬಾಯಿ ತೆರೆದು ಚೀಲ ಕೈಗೆ ಬರಬೇಕು, ಕೂಡಲೇ ಎಸೆಯಬೇಕು.

ಕಟ್ಟುವಾಗ ಹಿಡಿಯಿಂದ ಒಳಚೀಲಕ್ಕೆ ಹೋಗುವ ಆ ಪಟ್ಟಿ ನನಗೆ ಸ್ವಲ್ಪ ಸಡಿಲವಾಗಿ ಜೋಲುತ್ತಿರುವಂತೆ ಕಂಡಿತು. ನಾನು ಜೋಲುವುದನ್ನು ಸಹಿಸುವವಳಲ್ಲ. ನೋಟಿನ ಕಟ್ಟಾಗಲಿ, ಸೀರೆಯ ನೆರಿಗೆಯಾಗಲಿ, ಊರಿಗೆ ಹೋಗುವಾಗಿನ ರೊಟ್ಟಿಯ ಗಂಟಾಗಲಿ ಬಿಗಿಯಾಗಿರಬೇಕು. ಕುಣಿಕೆಗೆ ಒಂದು ಸುತ್ತು ಹೆಚ್ಚು ಹಾಕಿದೆ. ನೋಡಲು ಬಹಳ ಅಚ್ಚುಕಟ್ಟಾಯಿತು. ಭುಜದ ಕೊಂಡಿಗಳಲ್ಲಿ ಪಟ್ಟಿ ಅತ್ತಿತ್ತ ಜಾರದಂತೆ ರಬ್ಬರ್ ಉಂಗುರ ಹಾಕಬೇಕಿತ್ತು. ಅದು ಇರಲಿಲ್ಲ. ನಮ್ಮ ಶಾಖೆಯಲ್ಲಿ ನೋಟಿಗೆ ಹಾಕುವ ರಬ್ಬರ್ ಬ್ಯಾಂಡುಗಳನ್ನು ಎರಡೆರಡು ಸುತ್ತಿದೆ. ಕೊನೆಗೆ ಮಂಚದ ಮೇಲೆಯೇ ಕೆಂಪು ಹಿಡಿಯನ್ನು ಜಗ್ಗಿ ನೋಡಿದೆ. ಚೀಲ ಸುಲಭವಾಗಿ ಹೊರಗೆ ಬಂತು. ಮತ್ತೆ ಒಳಗಿಟ್ಟು ಸೂಜಿ ಹಾಕಿದೆ.

ಮರುದಿನ ಬೆಟ್ಟದ ಮೇಲೆ ಆಶಾನ್ ನನ್ನ ಭುಜದ ಕೊಂಡಿ ನೋಡಿ ಹುಬ್ಬೇರಿಸಿದರು.

"ಇದು ಬ್ಯಾಂಕಿನದಾ?"

"ಹೌದು ಆಶಾನ್."

"ಇದನ್ನು ನೋಟಿಗೇ ಇಟ್ಟುಕೊಳ್ಳಿ" ಎಂದು ರಬ್ಬರ್ ಬ್ಯಾಂಡುಗಳನ್ನು ಕಿತ್ತು, ಅವತ್ತಿನ ಮಟ್ಟಿಗೆ ಗಟ್ಟಿ ಟೇಪು ಸುತ್ತಿದರು. ಮುಂದಿನ ವಾರ ಸರಿಯಾದ ಉಂಗುರ ಹಾಕಿಸಿಕೊಂಡು ಬರಬೇಕೆಂದರು. ಕೊಂಡಿಯ ತಿರುಪನ್ನು ತಮ್ಮ ಸ್ಪ್ಯಾನರಿನಿಂದ ಇನ್ನೂ ಸ್ವಲ್ಪ ಬಿಗಿ ಮಾಡಿದರು. ಆಮೇಲೆ ಕೇಳಿದರು, "ತೂಗುಹಾಕಿ, ಕೂತು, ಜಗ್ಗಿ ನೋಡಿದಿರಾ?"

ನಾನು ಜಗ್ಗಿ ನೋಡಿದ್ದೆ. ತೂಗುಹಾಕಿರಲಿಲ್ಲ, ಕೂತಿರಲೂ ಇಲ್ಲ. ಮೂರರಲ್ಲಿ ಒಂದು ನಿಜವಾದ್ದರಿಂದ "ನೋಡಿದೆ" ಎಂದೆ.

ಅವತ್ತು ಇಪ್ಪತ್ತು ನಿಮಿಷ ಹಾರಿದೆ. ಗಾಳಿ ಹಿತವಾಗಿತ್ತು. ನನ್ನದೇ ಸ್ಟೆಪ್ನಿಯ ಮೇಲೆ ಕೂತಿದ್ದೇನೆ ಎಂಬ ಧೈರ್ಯದಲ್ಲಿ ಎಂದಿಗಿಂತ ಸ್ವಲ್ಪ ದೂರವೇ ಹೋಗಿ ಬಂದೆ.

ಅದರ ಮುಂದಿನದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಹಾರ್ನೆಸ್ಸನ್ನು ಚೀಲಕ್ಕೆ ತುಂಬಿ ಶುಕ್ರವಾರ ಸಂಜೆಯೇ ತಿರುವನಂತಪುರದ ರೈಲು ಹತ್ತಿದೆ. ಶನಿವಾರ ಬೆಳಿಗ್ಗೆ ರಬ್ಬರ್ ಉಂಗುರ ಹುಡುಕಲು ಗಂಡನೂ ನಾನೂ ಚಾಲೈ ಬಜಾರಿಗೆ ಹೋದೆವು. ಆ ಬೀದಿಯಲ್ಲಿ ಸಿಗದ ವಸ್ತುವಿಲ್ಲ ಎನ್ನುತ್ತಾರೆ, ಆದರೆ ಏನು ಬೇಕೆಂದು ನಮಗೆ ಹೇಳಲು ಬರಬೇಕಲ್ಲ. ಪೈಪು, ನಲ್ಲಿ, ವಾಷರುಗಳ ಅಂಗಡಿಯ ಮುದುಕರ ಮುಂದೆ ಬೆರಳಿನಿಂದ ಉಂಗುರದ ಆಕಾರ ಮಾಡಿ ತೋರಿಸಿದೆ.

"ಮಿಕ್ಸಿಕ್ಕೋ? ಪಂಪಿನೋ?" ಎಂದರು ಅವರು. ಮಿಕ್ಸಿಗೋ ಪಂಪಿಗೋ ಎಂದು.

ನಾನು ಚೀಲದಿಂದ ಹಾರ್ನೆಸ್ಸಿನ ಭುಜವನ್ನು ಹೊರಗೆಳೆದು ಕೊಂಡಿ ತೋರಿಸಿದೆ. ಅದು ಯಾವುದರದ್ದು ಎಂದು ಕೇಳಿದರು. ಪ್ಯಾರಾಚೂಟಿನದು ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಸಾರ್ ಹಾರುವವರಾ?"

"ನಾನಲ್ಲ, ಇವಳು" ಎಂದು ಗಂಡ ತಮ್ಮ ಅಷ್ಟಿಷ್ಟು ಮಲಯಾಳಂನಲ್ಲಿ ಹೇಳಿದರು.

ಮುದುಕರು ಆಮೇಲೆ ನನ್ನೊಡನೆ ಮಾತ್ರ ವ್ಯವಹರಿಸಿದರು. ನಾಲ್ಕು ಡಬ್ಬಿ ತೆರೆದು, ಒಂದೊಂದು ಉಂಗುರವನ್ನೂ ತಾವೇ ಎಳೆದು, ಬಾಗಿಸಿ, ಕಿವಿಯ ಹತ್ತಿರ ಹಿಡಿದು ಚಿಮ್ಮಿಸಿ, ಕೊನೆಗೆ ದಪ್ಪನೆಯ ಕಪ್ಪು ಉಂಗುರಗಳನ್ನು ಆರಿಸಿದರು. ನಾಲ್ಕು ಸಾಕೆಂದರೂ ಆರು ಕಟ್ಟಿಕೊಟ್ಟರು. ಹೊರಡುವಾಗ "ಸೂಕ್ಷಿಚ್ಚು" ಎಂದರು, ಜೋಪಾನ.

ಮನೆಗೆ ಬಂದು ಉಂಗುರ ಹಾಕಿದೆ. ಕೆಲಸ ಮುಗಿಯಿತೆಂದುಕೊಂಡು ಗಂಡನಿಗೆ ತೋರಿಸಿದೆ.

"ನೋಡ್ರಿ, ಎಲ್ಲಾ ನಾನ ಕಟ್ಟೀನಿ. ಎಷ್ಟು ಛಂದ ಆಗ್ಯದ."

"ಛಂದ ಏನೋ ಆಗ್ಯದ. ಆ ಪುಸ್ತಕ ಕೊಡಿಲ್ಲೆ."

ಪುಸ್ತಕ ಅಂದರೆ ಪ್ಯಾರಾಚೂಟಿನ ಜೊತೆ ಬಂದ ಇಂಗ್ಲಿಷ್ ಕೈಪಿಡಿ. ನಾನು ಅದರ ಚಿತ್ರಗಳನ್ನಷ್ಟೇ ನೋಡಿದ್ದೆ. ಅವರು ಮೊದಲ ಪುಟದಿಂದ ಓದಲು ಕೂತರು. ಅವರಿಗೆ ಓದುವುದೆಂದರೆ ಮನಸ್ಸಿನಲ್ಲೇ ಅನುವಾದಿಸುವುದು, ಅದಿಲ್ಲದೆ ವಾಕ್ಯ ಅವರ ತಲೆಗೆ ಇಳಿಯುವುದಿಲ್ಲ. ಹಿಂದೆ ಬೇರೊಂದು ಊರಿನ ಕಚೇರಿಯಲ್ಲಿದ್ದಾಗ ಕ್ಯಾಂಟೀನಿನ ಫಲಕದಲ್ಲಿ "ಊಟಕ್ಕೆ ಮೊದಲು ಕೂಪನ್ ಪಡೆಯಿರಿ" ಎನ್ನುವಲ್ಲಿ "ಊಟದ ನಂತರ" ಎಂದು ಬರೆದುಬಿಟ್ಟಿದ್ದರಂತೆ. ಮೂರು ದಿನ ಎಲ್ಲರೂ ಊಟ ಮಾಡಿ ಕೈತೊಳೆದು ಕೂಪನ್ನಿಗೆ ಸಾಲು ನಿಂತರಂತೆ. ಅಂದಿನಿಂದ ಈ ಎರಡು ಪದ ಕಂಡರೆ ಅವರು ಅಲ್ಲೇ ನಿಂತುಬಿಡುತ್ತಾರೆ.

ನಾನು ಒಳಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಕೂಗಿದರು.

"ಇಲ್ಲಿ ಬಾ. ಇದನ್ನ ಕನ್ನಡದಾಗ ಹೇಳಿ ನೋಡ್ತೀನಿ, ಸರಿ ಅದನೋ ಇಲ್ಲೋ ಹೇಳು. ಹಿಡಿ ಜಗ್ಗಿದಾಗ ಮೊದಲು ಸೂಜಿ ಬಿಚ್ಚಬೇಕು. ಸೂಜಿ ಪೂರ್ತಿ ಬಿಚ್ಚಿದ ನಂತರ, ನಂತರ ಅಂದ್ರ ನಂತರ, ಚೀಲದ ಪಟ್ಟಿ ಬಿಗಿ ಆಗಬೇಕು. ನೀ ಕಟ್ಟಿದ್ದರಾಗ ಯಾವುದು ಮೊದಲು?"

"ಎರಡೂ ಕೂಡೇ ಆಗ್ತಾವ ಬಿಡ್ರಿ."

"ಕೂಡೇ ಅಂತ ಇಲ್ಲಿ ಬರದಿಲ್ಲ."

"ಮಂಚದ ಮ್ಯಾಲೆ ಜಗ್ಗಿ ನೋಡೀನ್ರಿ, ಬಂತು."

"ಮಂಚ ಹಾರ್ತದೇನು? ತೂಗುಹಾಕಿ, ಅದರಾಗ ಕೂತು, ಕಾಲು ಚಾಚಿ ನೋಡಬೇಕಂತ. ಹಿಂಗ ಬರದಾರ."

ಅವಲಕ್ಕಿ ತಿಂದು ಹಾರ್ನೆಸ್ ಹೊತ್ತು ಕೆಳಗಿಳಿದೆವು. ಅವರದು ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆಯ ಯಜಮಾನಿ ಇದ್ದರು, ನಿವೃತ್ತ ಗಣಿತದ ಟೀಚರ್. ನಾವಿಬ್ಬರೂ ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಅವರ ಜಗಲಿಯಲ್ಲಿ ಕಬ್ಬಿಣದ ಸರಪಳಿಯ ಒಂದು ತೂಗುಮಂಚವಿತ್ತು. ಸ್ವಲ್ಪ ಹೊತ್ತು ಅದರ ಹಲಗೆ ತೆಗೆಯಬಹುದೇ ಎಂದು ಕೇಳಿದೆವು. ಯಾಕೆಂದು ತಿಳಿದ ಮೇಲೆ ಚೇಚಿ ತಾವೇ ಒಂದು ಕಡೆ ಹಿಡಿದು ಹಲಗೆ ಇಳಿಸಿದರು. ಜಗಲಿಯ ಅಂಚಿನ ಬಿಸಿಲಿನಲ್ಲಿ ಮೊರದ ತುಂಬ ಮಜ್ಜಿಗೆ ಮೆಣಸಿನಕಾಯಿ ಒಣಗಿಸಿದ್ದರು. ಅದನ್ನು ಒಂದಿಷ್ಟು ಆಚೆ ಸರಿಸಿ ಮೆಟ್ಟಿಲ ಮೇಲೆ ಕೂತರು, ನೋಡಲು.

ಸರಪಳಿಗೆ ಹಾರ್ನೆಸ್ ಸಿಕ್ಕಿಸಿ, ನಾನು ಒಳಗೆ ಕೂತು ಕಾಲು ಚಾಚಿದೆ. ನೆಲದಿಂದ ಎರಡು ಅಡಿ ಮೇಲೆ ತೂಗುತ್ತಿದ್ದೆ. ಸೀಟಿನ ಕೆಳಗಿನ ಜೇಬು ನನ್ನ ಭಾರಕ್ಕೆ ಬಿಗಿದದ್ದು ತೊಡೆಗೆ ತಿಳಿಯುತ್ತಿತ್ತು.

"ಹೂಂ" ಎಂದರು ಗಂಡ.

ಬಲಗೈಯಿಂದ ಕೆಂಪು ಹಿಡಿಯನ್ನು ಜಗ್ಗಿದೆ.

ಏನೂ ಆಗಲಿಲ್ಲ. ಇನ್ನಷ್ಟು ಜೋರಾಗಿ ಜಗ್ಗಿದೆ. ಹಾರ್ನೆಸ್ ಸಮೇತ ನಾನೇ ಒಂದು ಸುತ್ತು ತಿರುಗಿದೆ. ಹಿಡಿ ಅಲ್ಲೇ ಇತ್ತು. ಎರಡೂ ಕೈ ಹಾಕಿ ಜಗ್ಗಿದೆ. ಗಂಡ ಬಗ್ಗಿ ಸೀಟಿನ ಕೆಳಗೆ ನೋಡಿದರು.

"ಸೂಜಿ ಹಂಗ ಅವ. ಪಟ್ಟಿ ಬಿಗಿ ಆಗ್ಯದ. ಬಾಯಿ ಮುಚ್ಚಿದ ಚೀಲ ನೀ ಜಗ್ಲಿಕ್ಕತ್ತೀ."

ನಾನು ಹಿಡಿ ಬಿಟ್ಟೆ. ಹಿಂದಿನ ಭಾನುವಾರದ ಆ ಇಪ್ಪತ್ತು ನಿಮಿಷ, ಕಣಿವೆಯ ಮೇಲೆ ದೂರ ಹೋದದ್ದು, ಕೆಳಗಿದ್ದ ಚಹಾ ತೋಟ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಗಂಡನಿಗೂ ಅದೇ ನೆನಪಾಗಿರಬೇಕು.

"ಹೋದ ವಾರ ಇದನ್ನ ಕಟ್ಕೊಂಡು ಹಾರಿದ್ಯಾ?"

"ಹೂಂ."

ಅವರು ಸರಪಳಿ ಹಿಡಿದು ನನ್ನ ತೂಗಾಟ ನಿಲ್ಲಿಸಿದರು, ಅಷ್ಟೇ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಚೇಚಿಗೆ ನಮ್ಮ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. ಆಮೇಲೆ ತಾವೂ ಬಗ್ಗಿ ನೋಡಿ, ಆ ಪಟ್ಟಿ ಯಾಕೆ ಅಷ್ಟು ಗಿಡ್ಡ ಎಂದು ಮಲಯಾಳಂನಲ್ಲಿ ಕೇಳಿದರು. ನಾನು ಕುಣಿಕೆಯ ಕಡೆ ನೋಡಿದೆ. ನಾನೇ ಹಾಕಿದ್ದ ಆ ಹೆಚ್ಚಿನ ಸುತ್ತು.

ಕೆಳಗಿಳಿದು ಸುತ್ತು ಬಿಚ್ಚಿದೆ. ಪಟ್ಟಿ ನಾಲ್ಕು ಬೆರಳಷ್ಟು ಉದ್ದವಾಗಿ ಜೋಲಿತು. ಆ ಜೋಲುವಿಕೆ ಬೇಕೆಂದೇ ಇಟ್ಟದ್ದು. ಸೂಜಿಗಳು ಬಿಚ್ಚಿಕೊಳ್ಳಲು ಬೇಕಾದಷ್ಟೇ ಜಾಗ ಅದು. ಮಂಚದ ಮೇಲೆ ನನ್ನ ಭಾರವಿಲ್ಲದೆ ಜೇಬು ಸಡಿಲವಿದ್ದುದರಿಂದ ಅದು ಗೊತ್ತಾಗಿರಲಿಲ್ಲ. ಮತ್ತೆ ಕೂತೆ. ಮೊದಲ ಸಲ ಸಿಕ್ಕಿಹಾಕಿಕೊಂಡ ಭಯಕ್ಕೆ ಈ ಸಲ ಮೈಯೆಲ್ಲ ಬಲ ಹಾಕಿ ಜಗ್ಗಿದೆ. ಟಪ್ ಟಪ್ ಎಂದು ಸೂಜಿ ಬಿಚ್ಚಿ, ಜೇಬಿನ ಬಾಯಿ ತೆರೆದು, ಒಳಚೀಲ ಬೀಸಿಕೊಂಡು ಹೊರಗೆ ಬಂದು, ನನ್ನ ಕೈಯಿಂದಲೂ ತಪ್ಪಿ, ನೇರವಾಗಿ ಮೊರದ ಮೇಲೆ ಬಿತ್ತು.

"ಎಂಡೆ ಮುಳಕು!" ಎಂದು ಚೇಚಿ ಕೂಗಿದರು, ಅಯ್ಯೋ ನನ್ನ ಮೆಣಸಿನಕಾಯಿ ಎಂದು.

ಮೆಣಸಿನಕಾಯಿ ಜಗಲಿಯಿಂದ ಅಂಗಳದವರೆಗೆ ಹಾರಿದ್ದವು. ಗಂಡ ಮೊದಲು ನಕ್ಕರು. ಆಮೇಲೆ ಚೇಚಿ. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ತೂಗುತ್ತಲೇ ಮುಖ ಮುಚ್ಚಿಕೊಂಡೆ. ಮೂವರೂ ಸೇರಿ ಒಂದೊಂದೇ ಮೆಣಸಿನಕಾಯಿ ಆರಿಸಿದೆವು. ನಾನು ಮತ್ತೆ ಮತ್ತೆ ಕ್ಷಮೆ ಕೇಳಿದರೆ ಚೇಚಿ "ಸಾರಮಿಲ್ಲ, ಸಾರಮಿಲ್ಲ" ಎನ್ನುತ್ತಿದ್ದರು, ಪರವಾಗಿಲ್ಲ ಎಂದು. ಆಮೇಲೆ ಟೀಚರ್ ದನಿಯಲ್ಲಿ, ಒಂದು ಸಲ ಸರಿಯಾದರೆ ಉತ್ತರ ಸರಿ ಎಂದಲ್ಲ, ಇನ್ನೆರಡು ಸಲ ಮಾಡಿ ತೋರಿಸು ಎಂದರು. ಮಾಡಿದೆ. ಎರಡೂ ಸಲ ಬಂತು.

ಮಧ್ಯಾಹ್ನ ಆಶಾನರಿಗೆ ಫೋನ್ ಮಾಡಿದೆ. ಗಂಡ ಮಾಡೆಂದು ಹೇಳಿರಲಿಲ್ಲ, ಆದರೆ ನಾನು ಮಾಡುವವರೆಗೆ ಪತ್ರಿಕೆಯ ಅದೇ ಪುಟ ಹಿಡಿದು ಕೂತಿದ್ದರು.

"ಆಶಾನ್, ಹೋದ ವಾರ ನೀವು ಕೇಳಿದಾಗ ನೋಡಿದೆ ಎಂದೆನಲ್ಲ. ತೂಗುಹಾಕಿ ನೋಡಿರಲಿಲ್ಲ. ಇವತ್ತು ನೋಡಿದೆ. ಬರಲಿಲ್ಲ."

ಆ ಕಡೆ ಗಾಳಿಯ ಸದ್ದಿತ್ತು. ಬೆಟ್ಟದ ಮೇಲಿದ್ದರು.

"ಹೇಳಿದ್ದು ಒಳ್ಳೆಯದಾಯಿತು" ಎಂದರು. "ತಪ್ಪು ನಿಮ್ಮದೊಂದೇ ಅಲ್ಲ. ನಾನು ನೋಡಿದಿರಾ ಎಂದು ಕೇಳಿದೆ. ತೋರಿಸಿ ಎನ್ನಬೇಕಿತ್ತು."

ಮುಂದಿನ ಭಾನುವಾರ ಅವರು ಯಾರನ್ನೂ ಕೇಳಲಿಲ್ಲ. ಬೆಟ್ಟದ ಮೇಲಿನ ಶೆಡ್ಡಿನ ತೊಲೆಗೆ ಎರಡು ಹಗ್ಗ ಇಳಿಬಿಟ್ಟು, ಹಾರಲು ಬಂದಿದ್ದ ಏಳು ಜನರನ್ನೂ ಒಬ್ಬೊಬ್ಬರಾಗಿ ಕೂರಿಸಿ ಜಗ್ಗಿಸಿದರು. ಮೊದಲು ನನ್ನನ್ನು ಕೂರಿಸಿ, ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು. ಮುರುಕು ಮಲಯಾಳಂನಲ್ಲಿ, ನಡುವೆ ಇಂಗ್ಲಿಷ್ ಸೇರಿಸಿ ಹೇಳಿದೆ. ನಾಚಿಕೆಯಾಯಿತು. ಆದರೆ ನನ್ನ ಬಳಿಕ ಕೂತ, ಹತ್ತು ವರ್ಷದಿಂದ ಹಾರುತ್ತಿದ್ದವರೊಬ್ಬರ ಹಿಡಿ ಜಪ್ಪಯ್ಯ ಎಂದರೂ ಬರಲಿಲ್ಲ. ಬಹಳ ದಿನ ತೆರೆಯದೆ ಜೇಬಿನ ವೆಲ್ಕ್ರೋ ಅಂಟುಪಟ್ಟಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅವರು ಇಳಿದು ಬಂದು ನನ್ನ ಕೈ ಕುಲುಕಿದರು. ನಾಚಿಕೆ ಅಷ್ಟಕ್ಕೆ ಇಳಿಯಿತು.

ಅವತ್ತು ಮೊದಲ ಬಾರಿಗೆ ಗಂಡನೂ ಬೆಟ್ಟಕ್ಕೆ ಬಂದಿದ್ದರು. ಆಶಾನ್ ಬಂದು ಇವರ ಪಕ್ಕದಲ್ಲಿ ಕೂತು, "ಸಾರ್ ಎಲ್ಲಿ ಕೆಲಸ?" ಎಂದು ಕೇಳಿದರು. ಇವರು ಸಂಸ್ಥೆಯ ಹೆಸರು ಹೇಳಿದರು.

"ಓ! ರಾಕೆಟ್!"

"ಅಲ್ಲ, ಹಿಂದಿ."

ಆಶಾನ್ ತಿರುಗಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಆಮೇಲೆ ಕೈಪಿಡಿಯ ಆ ವಾಕ್ಯವನ್ನು ಕಂಡುಹಿಡಿದದ್ದು ಇವರೇ ಎಂದು ತಿಳಿದು, ಅವರನ್ನೂ ನನ್ನ ಹಾರ್ನೆಸ್ಸಿನಲ್ಲಿ ಹಗ್ಗಕ್ಕೆ ಕೂರಿಸಿದರು. ಪ್ಯಾಂಟಿನ ಇಸ್ತ್ರಿ ಹಾಳಾಗದಂತೆ ಮೆಲ್ಲಗೆ ಕೂತ ಗಂಡ ಹಿಡಿ ಜಗ್ಗಿ, ಚೀಲ ಕೈಗೆ ಬಂದಾಗ ಪಂದ್ಯ ಗೆದ್ದವರಂತೆ ಅದನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದರು.

ಚೀಲಕ್ಕೆ ಮಜ್ಜಿಗೆ ಮೆಣಸಿನಕಾಯಿಯ ವಾಸನೆ ಅಂಟಿತ್ತು. ಆಶಾನ್ ಮೂಸಿ ನೋಡಿ, ಇದನ್ನು ಬಿಚ್ಚಿ ಗಾಳಿಗೆ ಹಾಕಿಯೇ ಮತ್ತೆ ಮಡಚಬೇಕೆಂದರು. ಹುಲ್ಲಿನ ಮೇಲೆ ನಾವೆಲ್ಲ ಸುತ್ತ ನಿಂತು ಅಂಚು ಹಿಡಿದೆವು. ದಿಂಬಿನಷ್ಟಿದ್ದದ್ದು ಬಿಚ್ಚಿದಂತೆಲ್ಲ ಬೆಳೆಯಿತು. ಬಿಳಿ ಬಟ್ಟೆ, ಒಂದು ಪಟ್ಟೆ ಕಿತ್ತಳೆ ಬಣ್ಣ, ನಮ್ಮ ಮನೆಯ ಪಡಸಾಲೆಗಿಂತ ದೊಡ್ಡದು. ಗಾಳಿ ಒಳಗೆ ಹೊಕ್ಕಾಗ ಅದು ನಮ್ಮ ಕೈಗಳನ್ನು ಮೇಲಕ್ಕೆ ಎಳೆಯಿತು. ಇಷ್ಟು ದಿನ ನಾನು ಅದರ ಪಟ್ಟಿ, ಕೊಂಡಿ, ಹಿಡಿಗಳನ್ನೇ ನೋಡಿದ್ದೆ. ಕಾಪಾಡುವ ಬಟ್ಟೆಯನ್ನು ನೋಡಿರಲಿಲ್ಲ. ಎದುರಿನ ಅಂಚು ಹಿಡಿದಿದ್ದ ಗಂಡನೂ ಅದನ್ನೇ ನೋಡುತ್ತಿದ್ದರು. ಆಮೇಲೆ ಆಶಾನ್ ನನ್ನ ಕೈಯಿಂದಲೇ ಒಂದೊಂದು ಮಡಿಕೆಯನ್ನೂ ಮಡಚಿಸಿದರು. ಒಂದೂವರೆ ಗಂಟೆ ಹಿಡಿಯಿತು.

ಎಲ್ಲ ಮತ್ತೆ ಕಟ್ಟಿ, ಹಗ್ಗದಲ್ಲಿ ಇನ್ನೊಮ್ಮೆ ಕೂತು ಜಗ್ಗಿ, ಮತ್ತೆ ಸೇರಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಗಾಳಿ ಚೆನ್ನಾಗಿತ್ತು. ಓಡಿದೆ, ನೆಲ ಕಾಲಿನಿಂದ ಜಾರಿತು. ಆ ದಿನ ದೂರ ಹೋಗಲಿಲ್ಲ. ಇಳಿಜಾರಿನ ಮೇಲೇ ಅತ್ತಿಂದಿತ್ತ ಹಾಯಾಗಿ ಅಲೆದೆ. ಕೆಳಗೆ ಗಂಡ ನೆತ್ತಿಯ ಮೇಲೆ ಕರವಸ್ತ್ರ ಹಾಕಿಕೊಂಡು ನಿಂತಿದ್ದು ಕಾಣುತ್ತಿತ್ತು. ಒಮ್ಮೆ ಅವರ ತಲೆಯ ಮೇಲಿಂದಲೇ ಹಾದಾಗ, "ಕಾಲು ಸರೀ ಚಾಚು!" ಎಂದು ಕೂಗಿದ್ದು ಕೇಳಿಸಿತು. ಆಶಾನ್ ಹೇಳುವುದನ್ನು ಅರ್ಧ ದಿನ ಕೇಳಿ ಅವರೂ ಗುರುಗಳಾಗಿಬಿಟ್ಟಿದ್ದರು.

ಈಗ ಎರಡು ವರ್ಷವಾಯಿತು. ಸ್ಟೆಪ್ನಿಯನ್ನು ಎಸೆಯುವ ಪ್ರಸಂಗ ಬಂದಿಲ್ಲ. ಈಗಲೂ ನೆನಪಿದೆ, ಮೊದಲ ಸಲ ಇಬ್ಬರೂ ಜೊತೆಯಾಗಿ ಬೆಟ್ಟದಿಂದ ಇಳಿದು ಬಂದ ಆ ಸಂಜೆ ದಾರಿಯ ಬದಿಯ ಅಂಗಡಿಯಲ್ಲಿ ಬೇಯಿಸಿದ ಮರಗೆಣಸು, ಹಸಿಮೆಣಸಿನ ಚಟ್ನಿ ಕೊಂಡೆವು. ಕರಿಚಹಾ ಬಿಸಿಯಾಗಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗಂಡ ಎರಡನೆಯ ತಟ್ಟೆ ಹೇಳಿದರು.